ಕೇರಿಯೂ ಹೃದಯವೂ

ಮೈಸೂರು ಅರಮನೆಯ ದಕ್ಷಿಣಕ್ಕಿರುವ ಅಗ್ರಹಾರವು ಒಂದು ಕಾಲಕ್ಕೆ ರಾಜಾಶ್ರಯದಲ್ಲಿದ್ದ ವೈದಿಕರ, ವಿದ್ವಾಂಸರ, ಅರಮನೆಯ ಊಳಿಗದಲ್ಲಿದ್ದವರ ವಸತಿಯಾಗಿತ್ತು. ಇಂದು ಅಂಗಡಿ, ಹೋಟೆಲು, ಕಲ್ಯಾಣಮಂಟಪಗಳ ನಡುವೆ ಅಲ್ಲೊಂದು ಇಲ್ಲೊಂದು ಉಳಿದಿರುವ ಜಗಲಿಯ ಹೆಂಚಿನ ಮನೆಗಳಲ್ಲಿ ಮಾತ್ರ ಅದರ ಹಳೆಯ ರೂಪ ಕಾಣಬರುತ್ತದೆ. ನೂರೊಂದು ಗಣಪತಿ ದೇವಸ್ಥಾನದ ಬಳಿಯ ವೃತ್ತದಿಂದ ಹೊರಟು ಮಹಾತ್ಮ ಗಾಂಧಿ ರಸ್ತೆಯ ಕಡೆಗೆ ನಡೆದರೆ ತರಕಾರಿ ಮಾರುಕಟ್ಟೆಯೂ ಜೆ.ಎಸ್.ಎಸ್. ಆಸ್ಪತ್ರೆಯೂ ಎದುರಾಗುತ್ತವೆ, ದಕ್ಷಿಣಕ್ಕೆ ನಡೆದರೆ ವಿದ್ಯಾರಣ್ಯಪುರವೂ, ಊರಿನ ಕಸವನ್ನು ಬಹುಕಾಲದಿಂದ ಹೊತ್ತು ನಾರುತ್ತಿರುವ ಸೂಯೇಜ್ ಫಾರಮ್ಮೂ ಸಿಗುತ್ತವೆ, ನೈಋತ್ಯಕ್ಕೆ ಸರಿದರೆ ಅಶೋಕಪುರವೂ ರೈಲ್ವೆ ಕಾರ್ಯಾಗಾರವೂ, ಅರಮನೆಯನ್ನು ದಾಟಿ ಉತ್ತರಕ್ಕೆ ಹೋದರೆ ಲಷ್ಕರ್ ಮೊಹಲ್ಲಾ, ಮಂಡಿ ಮೊಹಲ್ಲಾಗಳೂ ಬರುತ್ತವೆ. ಇಷ್ಟು ಸಮೀಪದಲ್ಲಿರುವ ಈ ವಸತಿಗಳಲ್ಲಿ ಒಂದೇ ವರ್ಷ ಹುಟ್ಟಿ, ಒಂದೇ ಕಾವೇರಿಯ ನೀರನ್ನು ಕುಡಿದು, ಒಂದೇ ದಸರೆಯನ್ನು ನೋಡಿ ಬೆಳೆದ ಮಕ್ಕಳ ಹೃದಯಗಳು ಐವತ್ತನೆಯ ವಯಸ್ಸಿಗೆ ಒಂದೇ ಸ್ಥಿತಿಯಲ್ಲಿರುವುದಿಲ್ಲವೆಂಬುದು ಈಚಿನ ವೈದ್ಯವಿಜ್ಞಾನವು ಬಹಳ ದೃಢವಾಗಿ ಹೇಳುತ್ತಿರುವ ಸಂಗತಿ.

ಹೃದ್ರೋಗವನ್ನು ಕುರಿತು ನಮ್ಮಲ್ಲಿ ರೂಢವಾಗಿರುವ ನಂಬಿಕೆಗಳು ಎರಡು. ಅದು ವಂಶದಿಂದ ಬಂದದ್ದು, ತಂದೆಗೆ ಇದ್ದುದರಿಂದ ಮಗನಿಗೂ ಬಂತು ಎಂಬುದು ಒಂದು. ಬೀಡಿ ಸಿಗರೇಟು ಸೇದಿ, ಕರಿದ ತಿಂಡಿ ತಿಂದು, ಮೈಬಗ್ಗಿಸದೆ ಕುಳಿತವನು ತಾನೇ ತಂದುಕೊಂಡದ್ದು ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ವೈದ್ಯನು ರೋಗಿಯನ್ನು ಪರೀಕ್ಷಿಸುವಾಗ ವಯಸ್ಸನ್ನು ಕೇಳುತ್ತಾನೆ, ಸಕ್ಕರೆ ಕಾಯಿಲೆಯುಂಟೇ ಎಂದು ಕೇಳುತ್ತಾನೆ, ರಕ್ತದೊತ್ತಡವನ್ನು ಅಳೆಯುತ್ತಾನೆ, ಮನೆಯಲ್ಲಿ ಯಾರಿಗಾದರೂ ಹೃದಯಾಘಾತವಾಗಿತ್ತೇ ಎಂದು ವಿಚಾರಿಸುತ್ತಾನೆ. ನೀನು ಯಾವ ಬೀದಿಯಲ್ಲಿರುವೆ, ಆ ಬೀದಿಯಲ್ಲಿ ನಡೆಯಲು ಜಾಗವಿದೆಯೇ, ರಾತ್ರಿ ನಿದ್ದೆ ಬರುವಷ್ಟು ನಿಶ್ಶಬ್ದವಿದೆಯೇ, ಮನೆಬಾಡಿಗೆ ಕಟ್ಟಿದ ಮೇಲೆ ತರಕಾರಿಗೆ ಎಷ್ಟು ಉಳಿಯುತ್ತದೆ ಎಂದು ಕೇಳುವುದು ಅಪೂರ್ವ. ಆ ಪ್ರಶ್ನೆಗಳ ಉತ್ತರಗಳೂ ಧಮನಿಯ ಗೋಡೆಯ ಮೇಲೆ ಬರೆದಿರುತ್ತವೆಯೆಂಬುದೇ ಈ ಲೇಖನದ ವಿಷಯ.

ಇದನ್ನು ಲೆಕ್ಕವಿಟ್ಟು ತೋರಿಸಿದವರಲ್ಲಿ ಅಮೆರಿಕದ ಸಂಶೋಧಕಿ ಆನಾ ಡೀಯೆಜ್ ರೂ ಅವರೂ ಅವರ ಸಂಗಡಿಗರೂ ಪ್ರಮುಖರು. 2001ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಆ ದೇಶದ ನಾಲ್ಕು ಪ್ರದೇಶಗಳ 13,009 ಜನರನ್ನು ಸುಮಾರು ಒಂಬತ್ತು ವರ್ಷಗಳ ಕಾಲ ಗಮನಿಸಲಾಗಿತ್ತು; ಆ ಅವಧಿಯಲ್ಲಿ 615 ಹೃದಯಾಘಾತ ಮುಂತಾದ ಘಟನೆಗಳು ಸಂಭವಿಸಿದುವು. ನಿವಾಸಿಗಳ ಆದಾಯ, ಮನೆಗಳ ಬೆಲೆ, ವಿದ್ಯೆ, ಉದ್ಯೋಗಗಳನ್ನು ಕೂಡಿಸಿ ಪ್ರತಿಯೊಂದು ಬಡಾವಣೆಗೂ ಒಂದು ಅಂಕವನ್ನು ಕೊಟ್ಟು ನೋಡಿದಾಗ, ಅತ್ಯಂತ ಹಿಂದುಳಿದ ಬಡಾವಣೆಗಳಲ್ಲಿ ವಾಸಿಸುವ ಬಿಳಿಯರಿಗೆ ಹೃದ್ರೋಗದ ಅಪಾಯ ಮುಂದುವರಿದ ಬಡಾವಣೆಗಳ ಬಿಳಿಯರಿಗಿಂತ 1.7 ಪಟ್ಟು, ಕಪ್ಪು ಜನರಿಗೆ ತಮ್ಮವರಲ್ಲೇ ಅನುಕೂಲಸ್ಥ ಬಡಾವಣೆಗಳಲ್ಲಿದ್ದವರಿಗಿಂತ 1.4 ಪಟ್ಟು ಇದ್ದುದು ಗೊತ್ತಾಯಿತು. ಆಯಾ ವ್ಯಕ್ತಿಯ ಸ್ವಂತ ಆದಾಯ, ವಿದ್ಯೆ, ಉದ್ಯೋಗಗಳ ಪ್ರಭಾವವನ್ನು ಕಳೆದ ಮೇಲೆಯೂ ಉಳಿದ ವ್ಯತ್ಯಾಸ ಇದು ಎಂಬುದು ಗಮನಾರ್ಹ. ಎಂದರೆ, ಸಮಾನ ಸಂಬಳದ ಇಬ್ಬರಲ್ಲಿ ಒಬ್ಬನು ಒಳ್ಳೆಯ ಕೇರಿಯಲ್ಲಿಯೂ ಇನ್ನೊಬ್ಬನು ಹಾಳುಬಿದ್ದ ಕೇರಿಯಲ್ಲಿಯೂ ಇದ್ದರೆ, ಕೇರಿಯೊಂದೇ ಅವರಿಬ್ಬರ ಹೃದ್ರೋಗದ ಅಪಾಯದಲ್ಲಿ ಅಂತರವನ್ನು ತರಬಲ್ಲುದು. ಕೈಯಲ್ಲಿಯೂ ಬಡತನ, ಕೇರಿಯಲ್ಲಿಯೂ ಬಡತನ ಕೂಡಿದಲ್ಲಿ, ಎರಡೂ ಅನುಕೂಲವಿದ್ದವರಿಗಿಂತ ಅಪಾಯವು ಬಿಳಿಯರಲ್ಲಿ 3.1 ಪಟ್ಟಿಗೂ ಕಪ್ಪು ಜನರಲ್ಲಿ 2.5 ಪಟ್ಟಿಗೂ ಏರಿತ್ತು.

ಬೀದಿಯು ಹೃದಯವನ್ನು ಮುಟ್ಟುವ ಬಗೆ ಯಾವುದು? ಹೃದಯಕ್ಕೆ ರಕ್ತವನ್ನೊಯ್ಯುವ ಧಮನಿಗಳ ಒಳಪದರವು ಅತಿ ಸೂಕ್ಷ್ಮವಾದುದು. ಏರಿದ ರಕ್ತದೊತ್ತಡ, ತಂಬಾಕಿನ ಹೊಗೆ, ಹೆಚ್ಚಿದ ಸಕ್ಕರೆ ಇವು ದಿನದಿನವೂ ಅದನ್ನು ಗಾಯಗೊಳಿಸುತ್ತವೆ. ಗಾಯವಾದೆಡೆ ಕೊಬ್ಬು ಸೇರಿ ಗಡ್ಡೆ ಕಟ್ಟಿ, ಉರಿಯೂತವೆದ್ದು, ದಶಕಗಳ ಮೇಲೆ ಒಂದು ದಿನ ಆ ಗಡ್ಡೆ ಒಡೆದು ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಹೋಗುತ್ತದೆ. ನಾಳೆಯ ಕೂಲಿ ಸಿಕ್ಕೀತೋ ಇಲ್ಲವೋ, ಬಡ್ಡಿಯವನು ಬಾಗಿಲಿಗೆ ಬಂದಾನೋ, ಮಳೆ ಬಂದರೆ ಚರಂಡಿ ನೀರು ಒಳಗೆ ನುಗ್ಗೀತೋ ಎಂಬ ಆತಂಕದಲ್ಲಿ ಬಾಳುವವರ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಮೊದಲಾದ ಸ್ರಾವಗಳು ಇಳಿಯಬೇಕಾದ ಹೊತ್ತಿಗೆ ಇಳಿಯದೆ ಒತ್ತಡವನ್ನೂ ಸಕ್ಕರೆಯನ್ನೂ ಮೇಲೆಯೇ ನಿಲ್ಲಿಸುತ್ತವೆ. ನಿದ್ದೆಗೆಟ್ಟ ರಾತ್ರಿಗಳೂ ವಾಹನಗಳ ಹೊಗೆಯೂ ಗದ್ದಲವೂ ಇದೇ ಕೆಲಸವನ್ನು ಇನ್ನೊಂದು ದಾರಿಯಿಂದ ಮಾಡುತ್ತವೆ.

ನಮ್ಮ ಊರಿನಲ್ಲಿಯೇ ಇದನ್ನು ಹತ್ತಿರದಿಂದ ನೋಡಬಹುದು. ಉದಯಗಿರಿಯ ಕಡೆಯ ಕಿರುಗಲ್ಲಿಗಳಲ್ಲಿ ಹೆಂಗಸರು ಗಾಳಿ ಸುಳಿಯದ ಒಂದೇ ಕೋಣೆಯೊಳಗೆ ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಹೊಗೆಸೊಪ್ಪಿನ ಪುಡಿಯನ್ನು ಎಲೆಯಲ್ಲಿ ಸುತ್ತಿ ಬೀಡಿ ಕಟ್ಟುತ್ತಲೋ, ಅಂಟು ಹಚ್ಚಿದ ಬಿದಿರುಕಡ್ಡಿಗೆ ಊದುಬತ್ತಿಯ ಹಿಟ್ಟನ್ನು ಹೊಸೆಯುತ್ತಲೋ ಬೆಳಗಿನಿಂದ ಸಂಜೆಯವರೆಗೆ ಕುಳಿತಿರುತ್ತಾರೆ. ಅವರ ಕೂಲಿ ಸಾವಿರ ಬೀಡಿಗೋ ಬತ್ತಿಗೋ ಇಷ್ಟೆಂಬ ಲೆಕ್ಕದಲ್ಲಿ ಸಿಗುವುದರಿಂದ ಎದ್ದು ನಾಲ್ಕು ಹೆಜ್ಜೆ ನಡೆದರೂ ಆದಾಯ ಕುಗ್ಗುತ್ತದೆ. ಅಂಥವರಿಗೆ ದಿನಕ್ಕೆ ಅರ್ಧ ಗಂಟೆ ವಾಯುವಿಹಾರ ಮಾಡಿರೆಂದು ಉಪದೇಶಿಸುವುದು ಸುಲಭ. ವಿಹರಿಸತಕ್ಕ ಜಾಗವನ್ನೂ ಬಿಡುವನ್ನೂ ಒದಗಿಸುವುದು ಉಪದೇಶಿಸುವವರಿಂದ ಆಗದು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಮುಂಜಾನೆ ನಡೆಯುವವರ ಮನೆಗಳು ಎಲ್ಲಿವೆಯೆಂದು ವಿಚಾರಿಸಿದರೆ, ನಡಿಗೆಯೂ ವಸತಿಯ ಸೌಕರ್ಯಗಳಲ್ಲಿ ಒಂದೆಂಬುದು ಮನದಟ್ಟಾಗುತ್ತದೆ. ಊಟದ ಮಾತೂ ಹಾಗೆಯೇ: ಪಡಿತರದ ಅಕ್ಕಿ ಹೊಟ್ಟೆಯನ್ನು ತುಂಬಿಸುತ್ತದೆಯೆಂಬುದು ದೊಡ್ಡ ಉಪಕಾರವೇ ಹೌದು, ಆದರೆ ಸೊಪ್ಪು, ಹಣ್ಣು, ಬೇಳೆಗಳು ಕೈಗೆಟುಕದಾಗ ತಟ್ಟೆಯ ತುಂಬ ಅನ್ನವೇ ಆಗಿ, ಅದನ್ನು ರುಚಿಗೊಳಿಸಲು ಉಪ್ಪಿನಕಾಯಿಯೂ ಬೀದಿಯ ಬೋಂಡವೂ ನೆರವಿಗೆ ಬರುತ್ತವೆ. ದಿನಕ್ಕೆ 5 ಗ್ರಾಮಿಗಿಂತ ಉಪ್ಪು ಕಡಮೆಯಿರಲೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನ ಹೊರತು ಬೇರೆ ನಂಜಿಕೆಯಿಲ್ಲದ ಮನೆಯನ್ನು ಆ ಸಲಹೆ ಹೇಗೆ ಮುಟ್ಟಬೇಕು?

ಕೇರಿಯ ಪ್ರಭಾವವು ಮನುಷ್ಯನು ಬೆಳೆದ ಮೇಲೆ ಮಾತ್ರ ಮೊದಲಾಗುವುದೆಂದು ತಿಳಿಯಬಾರದು. ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿದ್ದ ಡೇವಿಡ್ ಬಾರ್ಕರ್ ಅವರು ಕ್ಲೈವ್ ಆಸ್ಮಂಡ್ ಅವರೊಡನೆ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1920ರ ದಶಕದ ಆದಿಭಾಗದಲ್ಲಿ ಆ ದೇಶದ ಯಾವ ಪ್ರದೇಶಗಳಲ್ಲಿ ಹಸುಳೆಗಳು ಹೆಚ್ಚಾಗಿ ಸತ್ತವೋ ಅವೇ ಪ್ರದೇಶಗಳಲ್ಲಿ ಅರ್ಧ ಶತಮಾನದ ಬಳಿಕ ಹೃದ್ರೋಗದಿಂದ ಸಾಯುವವರೂ ಹೆಚ್ಚಾಗಿದ್ದುದು ಕಂಡುಬಂತು. ಬಡತನದಲ್ಲಿ ಹುಟ್ಟಿಯೂ ಬದುಕಿ ಉಳಿದ ಮಕ್ಕಳ ದೇಹದಲ್ಲಿ ಆ ಬಡತನದ ಗುರುತು ಉಳಿದುಬಿಟ್ಟಿತ್ತೇ ಎಂಬ ಪ್ರಶ್ನೆ ಅಲ್ಲಿಂದ ಹುಟ್ಟಿತು. ಹರ್ಟ್‌ಫರ್ಡ್‌ಷೈರ್ ಪ್ರಾಂತದಲ್ಲಿ ಸೂಲಗಿತ್ತಿಯರೂ ದಾದಿಯರೂ ಬರೆದಿಟ್ಟ ಹಳೆಯ ಜನನದ ಪುಸ್ತಕಗಳನ್ನು ಹಿಡಿದು ಹುಡುಕಿದಾಗ, 1989ರಲ್ಲಿ ಅದಕ್ಕೆ ಉತ್ತರ ದೊರೆಯಿತು: ಹುಟ್ಟಿನಲ್ಲಿ ಮತ್ತು ಒಂದು ವರ್ಷದ ಪ್ರಾಯದಲ್ಲಿ ತೂಕ ಕಡಮೆಯಿದ್ದ ಗಂಡಸರು ಮುಂದೆ ಹೃದ್ರೋಗದಿಂದ ಹೆಚ್ಚಾಗಿ ತೀರಿಕೊಂಡಿದ್ದರು.

ಈ ವಿಚಾರವನ್ನು ಭಾರತದ ನೆಲದ ಮೇಲೆ ಪರೀಕ್ಷಿಸಿದ ಹೆಗ್ಗಳಿಕೆ ಮೈಸೂರಿನದು. ಮಂಡಿ ಮೊಹಲ್ಲಾದಲ್ಲಿರುವ, ಊರವರೆಲ್ಲ ಮಿಷನ್ ಆಸ್ಪತ್ರೆಯೆಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹೆರಿಗೆಯ ದಾಖಲೆಗಳನ್ನು ಕ್ರಮವಾಗಿ ಇಟ್ಟುಕೊಂಡು ಬಂದಿದ್ದರು: ಬಸುರಿ ತಾಯಿಯ ತೂಕ, ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆ, ಇಷ್ಟೂ ಅಂಕಿಗಳು ಅಲ್ಲಿದ್ದುವು. ಬರೆದ ದಾದಿಯರಿಗೆ ತಮ್ಮ ಬರವಣಿಗೆ ಅರವತ್ತು ವರ್ಷಗಳ ಮೇಲೆ ಲೋಕಕ್ಕೆ ಪಾಠವಾದೀತೆಂಬ ಕಲ್ಪನೆಯೂ ಇದ್ದಿರಲಾರದು. ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್, ಬಾರ್ಕರ್ ಮೊದಲಾದವರೂ ಇಲ್ಲಿಯ ಕಲ್ಯಾಣರಾಮನ್ ಕುಮಾರನ್ ಅವರೂ ಕೂಡಿ, ಆ ಆಸ್ಪತ್ರೆಯಲ್ಲಿ 1934ರಿಂದ 1954ರವರೆಗೆ ಹುಟ್ಟಿ ಇನ್ನೂ ಅದರ ಸುತ್ತಮುತ್ತಲೇ ವಾಸವಾಗಿದ್ದ 517 ಸ್ತ್ರೀಪುರುಷರನ್ನು ಪತ್ತೆಮಾಡಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಹುಟ್ಟಿದಾಗ ಐದೂವರೆ ಪೌಂಡು, ಎಂದರೆ ಸುಮಾರು ಎರಡೂವರೆ ಕಿಲೋಗ್ರಾಂ, ಅಥವಾ ಅದಕ್ಕಿಂತ ಕಡಮೆ ತೂಗಿದವರಲ್ಲಿ ಶೇಕಡ 11 ಮಂದಿಗೆ ಹೃದಯದ ಧಮನಿಗಳ ಕಾಯಿಲೆಯಿತ್ತು; ಏಳು ಪೌಂಡಿಗಿಂತ ಹೆಚ್ಚು ತೂಗಿದವರಲ್ಲಿ ಅದು ಶೇಕಡ 3 ಮಾತ್ರ. ಶಿಶುವಿನ ತೂಕವೂ ಕಡಮೆ, ಬಸುರಿನಲ್ಲಿ ತಾಯಿಯ ತೂಕವೂ ನೂರು ಪೌಂಡಿಗೆ ಕಡಮೆ ಇದ್ದ ಕಡೆಯಲ್ಲಿ ಕಾಯಿಲೆಯ ಪ್ರಮಾಣ ಶೇಕಡ 20ಕ್ಕೆ ಮುಟ್ಟಿತ್ತು.

ನೂರು ಪೌಂಡು ತೂಗದ ಆ ತಾಯಂದಿರು ಯಾರಾಗಿದ್ದಿರಬೇಕೆಂದು ಯೋಚಿಸಬೇಕು. ಗಂಡಸರೂ ಮಕ್ಕಳೂ ಉಂಡ ಮೇಲೆ ತಳದಲ್ಲಿ ಉಳಿದುದನ್ನು ಉಂಡವರು. ಬಸುರಿಯಾಗಿಯೂ ನೀರು ಹೊತ್ತವರು. ತಾವು ಹುಟ್ಟಿದಾಗಲೂ ಸಣಕಲು ಕೂಸಾಗಿದ್ದವರು. ಗರ್ಭದಲ್ಲಿ ಆಹಾರ ಸಾಲದೆ ಹೋದಾಗ ಶಿಶುವಿನ ದೇಹವು ಮಿದುಳನ್ನು ಉಳಿಸಿಕೊಳ್ಳುವುದಕ್ಕಾಗಿ ಉಳಿದ ಅಂಗಗಳ ಬೆಳವಣಿಗೆಯನ್ನು ಮಿತಗೊಳಿಸುತ್ತದೆ. ಮೂತ್ರಪಿಂಡ, ಮೇದೋಜೀರಕ ಗ್ರಂಥಿ, ರಕ್ತನಾಳಗಳು ಅಲ್ಪತೃಪ್ತಿಯ ಬಾಳಿಗೆ ಸಿದ್ಧವಾಗಿ ಹುಟ್ಟುತ್ತವೆ. ಅಂಥ ದೇಹಕ್ಕೆ ಮುಂದೆ ನಗರದ ಅನ್ನ, ಎಣ್ಣೆ, ಸಕ್ಕರೆ, ಕುರ್ಚಿಯ ಕೆಲಸ ಒಮ್ಮೆಲೆ ಒದಗಿದಾಗ ಅದು ತಾಳದೆ ಮಧುಮೇಹಕ್ಕೂ ರಕ್ತದೊತ್ತಡಕ್ಕೂ ಎಡೆಗೊಡುತ್ತದೆಂಬುದು ಬಾರ್ಕರ್ ಪಂಥದ ವಿವರಣೆ. ಇದೊಂದೇ ಕಾರಣವೆಂದು ಯಾರೂ ಹೇಳುವುದಿಲ್ಲ; ಆದರೆ ಅಜ್ಜಿಯ ಕೇರಿಯ ಹಸಿವು ಮೊಮ್ಮಗನ ಎದೆಯಲ್ಲಿ ನೋವಾಗಿ ಕಾಣಿಸಿಕೊಳ್ಳಬಲ್ಲುದೆಂಬ ಈ ತಿಳಿವಳಿಕೆಯು ರೋಗಿಯನ್ನೇ ದೂಷಿಸುವ ನಮ್ಮ ಅಭ್ಯಾಸವನ್ನು ತಿದ್ದತಕ್ಕದ್ದು.

ಜನಾಂಗದ ಪ್ರಶ್ನೆ ಬರುವುದು ಇಲ್ಲಿಯೇ. ಬ್ರಿಟನ್ನಿಗೆ ವಲಸೆಹೋದ ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳ ಮೂಲದವರಲ್ಲಿ ಹೃದ್ರೋಗ ಹೆಚ್ಚೆಂಬುದನ್ನು ಅಲ್ಲಿಯ ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದರು. 2008ರಲ್ಲಿ ಆ ದೇಶದಲ್ಲಿ ಸಿದ್ಧವಾದ ಕ್ಯೂರಿಸ್ಕ್-2 ಎಂಬ ಅಪಾಯಗಣನೆಯ ಸೂತ್ರದಲ್ಲಿ ವಯಸ್ಸು, ರಕ್ತದೊತ್ತಡ, ಕೊಲೆಸ್ಟರಾಲುಗಳ ಜೊತೆಗೆ ರೋಗಿಯ ಜನಾಂಗವನ್ನೂ, ಅವನು ವಾಸಿಸುವ ಪ್ರದೇಶದ ಅಭಾವದ ಮಟ್ಟವನ್ನೂ ಸೇರಿಸಿದರು. ಅಂಚೆಯ ವಿಳಾಸವೂ ಅಲ್ಲಿ ವೈದ್ಯನ ಲೆಕ್ಕದೊಳಗಿತ್ತು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ಮಾಹಿತಿಯನ್ನು ಮುಂದೆ ವಿಶ್ಲೇಷಿಸಿದಾಗ, ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತವು ಸರಾಸರಿ 53ನೆಯ ವಯಸ್ಸಿನಲ್ಲಿಯೂ ಇತರರಿಗೆ 59ರ ಸುಮಾರಿನಲ್ಲಿಯೂ ಆಗುತ್ತಿದ್ದುದು ತಿಳಿಯಿತು. ನಮ್ಮ ರಕ್ತವೇ ಹೀಗೆ, ಮಾಡುವುದೇನು ಎಂದು ಕೈಚೆಲ್ಲುವುದಕ್ಕೆ ಇದು ಆಧಾರವಾಗದು. ಅದೇ ಅಧ್ಯಯನವು ತಂಬಾಕು, ರಕ್ತದೊತ್ತಡ, ಮಧುಮೇಹ, ಕೊಬ್ಬಿನಂಶ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು ತರಕಾರಿಯ ಕೊರತೆ, ವ್ಯಾಯಾಮದ ಕೊರತೆ, ಮದ್ಯದ ಅಭ್ಯಾಸ ಎಂಬ ಒಂಬತ್ತು ಸಂಗತಿಗಳೇ ಎಲ್ಲ ಜನಾಂಗಗಳಲ್ಲಿಯೂ ಹೃದಯಾಘಾತದ ಬಹುಪಾಲಿನೊಡನೆ ಸಂಬಂಧಿಸಿದುವೆಂದು ತೋರಿಸಿತು. ನಮ್ಮವರಲ್ಲಿ ಅವು ಎಳೆಯ ವಯಸ್ಸಿನಲ್ಲಿಯೇ ನೆಲೆಯೂರುತ್ತವೆ ಎಂಬುದೇ ವ್ಯತ್ಯಾಸ. ಲಂಡನ್ನಿನಲ್ಲಿರುವ ಕನ್ನಡದ ಕುಟುಂಬಕ್ಕೂ ಮೈಸೂರಿನ ಕೆಸರೆಯಲ್ಲಿರುವ ಕುಟುಂಬಕ್ಕೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ.

ಪಶ್ಚಿಮದವರು ಜನಾಂಗವೆಂದು ಅಳೆಯುವುದನ್ನು ನಾವು ಇಲ್ಲಿ ಜಾತಿ ಮತಗಳಲ್ಲಿ ಕಾಣಬೇಕಾಗುತ್ತದೆ. ಏಕೆಂದರೆ ಬೇರೆಡೆಗಳಲ್ಲಿ ಬಣ್ಣವು ಯಾರು ಎಲ್ಲಿರಬೇಕೆಂಬುದನ್ನು ನಿರ್ಧರಿಸಿದಂತೆ ನಮ್ಮಲ್ಲಿ ಹುಟ್ಟು ನಿರ್ಧರಿಸಿತು. ಅಗ್ರಹಾರ ಒಂದು ಕಡೆ, ಹೊಲಗೇರಿಯೆಂದು ಕರೆಸಿಕೊಂಡ ವಸತಿ ಊರ ಹೊರಗೆ, ಮುಸಲ್ಮಾನರ ಮೊಹಲ್ಲಾ ಮತ್ತೊಂದೆಡೆ ಎಂಬ ವಿನ್ಯಾಸವು ಒಂದು ಶತಮಾನದ ಹಿಂದಿನ ಊರುಗಳ ನಕ್ಷೆಯಲ್ಲಿ ಸ್ಪಷ್ಟವಾಗಿತ್ತು; ಇಂದಿಗೂ ಬಾಡಿಗೆಗೆ ಮನೆ ಕೇಳಹೋದವರು ಹೆಸರನ್ನು ಹೇಳಿದೊಡನೆ ಮನೆ ಖಾಲಿಯಿಲ್ಲವೆಂಬ ಉತ್ತರವನ್ನು ಕೇಳಬೇಕಾಗಿ ಬರುವುದುಂಟು. ಹೀಗಿರುವಾಗ ಒಂದು ಜಾತಿಯವರಲ್ಲಿ ರೋಗ ಹೆಚ್ಚು ಕಂಡರೆ ಅದನ್ನು ರಕ್ತದಲ್ಲಿ ಹುಡುಕುವುದಕ್ಕೆ ಮೊದಲು ವಸತಿಯಲ್ಲಿ ಹುಡುಕುವುದು ನ್ಯಾಯ. ದಲಿತರ ವಸತಿಯಾದ ಅಶೋಕಪುರದ ಉದಾಹರಣೆಯು ಈ ಮಾತಿಗೆ ಪುಷ್ಟಿಯನ್ನು ಕೊಡುತ್ತದೆ: ವಿದ್ಯೆ, ರೈಲ್ವೆಯ ಕಾಯಂ ನೌಕರಿ, ಅಂಬೇಡ್ಕರರ ವಿಚಾರಗಳಿಂದ ಬಂದ ಆತ್ಮಗೌರವ ಇವು ಕೂಡಿ ಒಂದು ಕೇರಿಯನ್ನು ಎರಡು ಮೂರು ತಲೆಮಾರುಗಳಲ್ಲಿ ಬೇರೆಯಾಗಿಸಬಲ್ಲುವು. ಹುಟ್ಟನ್ನು ಬದಲಿಸಲಾಗದು, ಕೇರಿಯನ್ನು ಬದಲಿಸಬಹುದು.

ಹೃದ್ರೋಗವು ಉಳ್ಳವರ ರೋಗವಲ್ಲವೇ ಎಂದು ಕೇಳುವವರಿದ್ದಾರೆ. ನಮ್ಮ ದೇಶದಲ್ಲಿ ಮಧುಮೇಹವೂ ರಕ್ತದೊತ್ತಡವೂ ಮೊದಲು ಉಳ್ಳವರ ಮನೆಗಳಲ್ಲಿಯೇ ಹೆಚ್ಚಾಗಿ ಕಾಣಿಸಿಕೊಂಡುದು ನಿಜ. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ 2017ರ ವರದಿಯಲ್ಲಿ, ಮುಂದುವರಿದ ಕೆಲವು ರಾಜ್ಯಗಳ ನಗರಗಳಲ್ಲಿ ಮಧುಮೇಹವು ಬಡವರಲ್ಲಿಯೇ ಹೆಚ್ಚಾಗಿರುವುದು ಬೆಳಕಿಗೆ ಬಂತು. ಬಂದ ರೋಗದಿಂದ ಬದುಕಿ ಉಳಿಯುವುದರಲ್ಲಂತೂ ಅಂತರವು ಇನ್ನೂ ಕಠೋರವಾದುದು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಡೆನಿಸ್ ಕ್ಸೇವಿಯರ್ ಮತ್ತು ಸಂಗಡಿಗರು ದೇಶದ 89 ಆಸ್ಪತ್ರೆಗಳಲ್ಲಿ ಹೃದಯಾಘಾತಕ್ಕಾಗಿ ದಾಖಲಾದ 20,468 ರೋಗಿಗಳ ವಿವರಗಳನ್ನು ಕಲೆಹಾಕಿ 2008ರಲ್ಲಿ ಪ್ರಕಟಿಸಿದರು. ಮೂವತ್ತು ದಿನಗಳೊಳಗೆ ಬಡವರಲ್ಲಿ ಶೇಕಡ 8.2, ಸಿರಿವಂತರಲ್ಲಿ ಶೇಕಡ 5.5 ಮಂದಿ ತೀರಿಕೊಂಡಿದ್ದರು. ಎಲ್ಲರಿಗೂ ಸಮಾನ ಚಿಕಿತ್ಸೆ ದೊರೆತಿತ್ತೆಂದು ಲೆಕ್ಕಹಾಕಿದರೆ ಆ ವ್ಯತ್ಯಾಸವೇ ಅಳಿದುಹೋಗುತ್ತಿತ್ತು. ತೀವ್ರ ಹೃದಯಾಘಾತವಾದವರು ನೋವು ಮೊದಲಾದ ಮೇಲೆ ಆಸ್ಪತ್ರೆಗೆ ಬರಲು ತೆಗೆದುಕೊಂಡ ಕಾಲದ ಮಧ್ಯಾಂಕ ಆರು ಗಂಟೆ. ಆ ಆರು ಗಂಟೆಗಳಲ್ಲಿ ಏನಾಗುತ್ತದೆಂಬುದನ್ನು ನಾವೆಲ್ಲ ಬಲ್ಲೆವು. "ಗ್ಯಾಸ್ಟ್ರಿಕ್ ಇರಬೇಕು, ಒಂದು ಸೋಡಾ ಕುಡಿದು ಮಲಗಿಕೊಳ್ಳಿ" ಎಂದು ಮನೆಯವರು ಹೇಳುತ್ತಾರೆ. ದಿನಗೂಲಿಯವನು ಕೆಲಸ ಬಿಟ್ಟರೆ ಕೂಲಿ ಹೋದೀತೆಂದು ಸಹಿಸಿಕೊಳ್ಳುತ್ತಾನೆ. ಆಟೋ ಸಿಗುವುದು, ಹಣ ಕೂಡುವುದು, ಯಾವ ಆಸ್ಪತ್ರೆಯೆಂದು ನಿಶ್ಚಯವಾಗುವುದು ಇವುಗಳಲ್ಲಿ ಹೃದಯದ ಸ್ನಾಯು ಗಳಿಗೆಗಳಿಗೆಗೂ ಸಾಯುತ್ತಿರುತ್ತದೆ.

ರೋಗವನ್ನು ವ್ಯಕ್ತಿಯ ಪಾಪವೆಂದಲ್ಲದೆ ಬೀದಿಯ ದೋಷವೆಂದು ಬಗೆದು ಪರಿಹರಿಸಿದ ಪರಂಪರೆ ಮೈಸೂರಿಗೆ ಹೊಸದಲ್ಲ. 1898ರಲ್ಲಿ ಪ್ಲೇಗು ಈ ಊರನ್ನು ಹೊಕ್ಕು ಸಾವಿರಾರು ಮನೆಗಳನ್ನು ಬರಿದುಮಾಡಿದಾಗ, ಇಕ್ಕಟ್ಟಾದ ಹಳೆಯ ವಸತಿಗಳೂ ಗಾಳಿ ಬೆಳಕಿಲ್ಲದ ಮನೆಗಳೂ ಅದಕ್ಕೆ ಆಸರೆಯೆಂಬುದನ್ನು ಕಂಡುಕೊಂಡ ಆಡಳಿತವು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯನ್ನು ಸ್ಥಾಪಿಸಿತು. ಕಿಕ್ಕಿರಿದ ಓಣಿಗಳನ್ನು ತೆರವುಮಾಡಿ, ಚರಂಡಿಗಳನ್ನು ಕಟ್ಟಿ, ಅಗಲವಾದ ರಸ್ತೆಗಳುಳ್ಳ ಹೊಸ ಬಡಾವಣೆಗಳನ್ನು ರಚಿಸಿದರು. ಇಂದಿಗೂ ಹಳೆಯ ಬಡಾವಣೆಗಳ ಮನೆಗಳ ಹಿಂಬದಿಯಲ್ಲಿ ಕಾಣಬರುವ, ಮಲವನ್ನು ಸಾಗಿಸಲೆಂದು ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳು ಆ ಕಾಲದ ನಗರಯೋಜನೆಯ ಅವಶೇಷಗಳು. ಆದರೆ ಆ ಗಲ್ಲಿಗಳಲ್ಲಿ ಮಲವನ್ನು ಹೊತ್ತವರು ಯಾವ ವಸತಿಯಿಂದ ಬಂದು ಯಾವ ವಸತಿಗೆ ಮರಳುತ್ತಿದ್ದರೆಂಬುದನ್ನು ಮರೆಯಕೂಡದು. 1970ರ ದಶಕದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸುವವರೆಗೆ ಒಂದು ಕೇರಿಯ ಶುಚಿತ್ವವು ಇನ್ನೊಂದು ಕೇರಿಯವರ ಆರೋಗ್ಯದ ಬೆಲೆಯಲ್ಲಿ ಬಂದಿತ್ತು. ಹಿರಿಯರು ಮಾಡಿದ ಕಾರ್ಯ ದೊಡ್ಡದು, ಅಪೂರ್ಣವಾದುದು. ಅದನ್ನು ಪೂರ್ಣಗೊಳಿಸುವುದು ನಮ್ಮ ಪಾಲಿಗೆ ಬಂದ ಕರ್ತವ್ಯ.

ಈಗಾಗಲೇ ನಡೆದಿರುವ ಒಳ್ಳೆಯ ಪ್ರಯತ್ನಗಳನ್ನು ಮನಸಾರೆ ಸ್ಮರಿಸಬೇಕು. ಕೆ.ಆರ್.ಎಸ್. ರಸ್ತೆಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಯಿರುವುದರಿಂದ ಮೈಸೂರು ಸೀಮೆಯ ಬಡವರು ಬೆಂಗಳೂರಿಗೆ ಓಡಬೇಕಾದ ಅವಸ್ಥೆ ತಪ್ಪಿದೆ; 2008ರಿಂದ 108ರ ಆಂಬುಲೆನ್ಸ್ ಓಡುತ್ತಿದೆ; 2023ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಮೊದಲಾದ ಹೃದಯಜ್ಯೋತಿ ಯೋಜನೆಯು ತಾಲೂಕು ಆಸ್ಪತ್ರೆಗಳಲ್ಲಿಯೇ ಇ.ಸಿ.ಜಿ. ತೆಗೆದು, ದೂರದ ತಜ್ಞರ ಸಲಹೆ ಪಡೆದು, ಹೆಪ್ಪನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡನ್ನು ಮಾಡಿದೆ. ಇವೆಲ್ಲ ರೋಗ ಬಂದ ಮೇಲಿನ ಮಾತು. ರೋಗ ಬಾರದಂತೆ ತಡೆಯಬೇಕಾದರೆ ಬಸುರಿಯರ ಊಟ, ಅಂಗನವಾಡಿಯ ಮೊಟ್ಟೆ ಹಾಲು, ಕೇರಿಯ ಚರಂಡಿ, ನಡೆಯಲು ಯೋಗ್ಯವಾದ ಕಾಲುದಾರಿ, ಸೂಯೇಜ್ ಫಾರಮ್ಮಿನ ಕಸದ ರಾಶಿ, ಬೀಡಿ ಊದುಬತ್ತಿ ಕಟ್ಟುವವರ ಕೂಲಿದರ ಇವೆಲ್ಲವೂ ಹೃದಯದ ಚಿಕಿತ್ಸೆಯೇ ಎಂದು ಪಾಲಿಕೆಯೂ ಸರ್ಕಾರವೂ ತಿಳಿಯಬೇಕಾಗುತ್ತದೆ. ಆರೋಗ್ಯ ಇಲಾಖೆಯು ವಾರ್ಡುವಾರ್ಡಿಗೂ ರಕ್ತದೊತ್ತಡ, ಮಧುಮೇಹ, ಹೃದಯಾಘಾತಗಳ ಲೆಕ್ಕವನ್ನಿಟ್ಟು ಪ್ರಕಟಿಸಿದರೆ, ಅನುದಾನ ಮೊದಲು ಯಾವ ಬೀದಿಗೆ ಹೋಗಬೇಕೆಂಬ ವಿಷಯದಲ್ಲಿ ವಾದಕ್ಕೆ ಎಡೆಯಿರುವುದಿಲ್ಲ. ಮಿಷನ್ ಆಸ್ಪತ್ರೆಯ ದಾದಿಯರು ಕೈಬರಹದಲ್ಲಿ ಸಾಧಿಸಿದುದು ಈ ಕಾಲದಲ್ಲಿ ಅಸಾಧ್ಯವಾಗಬಾರದು.

ಓದುಗರಲ್ಲಿ ವಿನಂತಿ ಇಷ್ಟು. ಮೂವತ್ತು ದಾಟಿದವರು ಯಾವ ಬೀದಿಯವರಾದರೂ ವರ್ಷಕ್ಕೊಮ್ಮೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಿ. ಎದೆಯಲ್ಲಿ ಭಾರವೋ ಉರಿಯೋ ಕಾಣಿಸಿ, ಅದು ಎಡತೋಳಿಗೋ ದವಡೆಗೋ ಹಬ್ಬಿ, ಬೆವರು ಕಿತ್ತು ಬಂದರೆ ಸೋಡಾ ಕುಡಿದು ಕಾಯದೆ ಕೂಡಲೆ ಇ.ಸಿ.ಜಿ. ಇರುವ ಆಸ್ಪತ್ರೆಗೆ ಹೋಗಿ. ಮನೆಗೆಲಸಕ್ಕೆ ಬರುವ ಅಮ್ಮನಿಗೂ, ಕಸ ಒಯ್ಯುವ ಪೌರಕಾರ್ಮಿಕನಿಗೂ, ಆಟೋದವನಿಗೂ ಇದನ್ನು ತಿಳಿಸಿ. ಮುಂದಿನ ಪಾಲಿಕೆ ಚುನಾವಣೆಯಲ್ಲಿ ಮತ ಕೇಳಲು ಬಂದವರನ್ನು ನಿಮ್ಮ ಬೀದಿಯ ದೀಪದ ಜೊತೆಗೆ ಪಕ್ಕದ ಕೇರಿಯ ಚರಂಡಿಯ ವಿಷಯವನ್ನೂ ಕೇಳಿ. ಪ್ಲೇಗಿನ ಕಾಲದಲ್ಲಿ ಬೀದಿಯನ್ನು ತಿದ್ದಿ ಜೀವಗಳನ್ನು ಉಳಿಸಿದ ಊರು ಹೃದ್ರೋಗದ ಕಾಲದಲ್ಲಿಯೂ ಅದನ್ನು ಮಾಡಬಲ್ಲುದು, ಮಾಡಲೇಬೇಕು.